ನಲವತ್ತೇಳನೆಯ ನಿಮಿಷ

ದಸ್ತಗೀರನ ಮನೆಯ ಮಂಚದ ಮೇಲೆ
ತಲೆದಿಂಬಿಗೆ ಆನಿಸಿಟ್ಟ ಮೊಬೈಲಿನಲ್ಲಿ
ನಮ್ಮ ನಾಟಕ ನಡೆಯುತ್ತಿದೆ.
ಅಂಗೈಯಗಲದ ರಂಗ, ಅದರ ಮೇಲೆ ಉಗುರುದ್ದದ ಚೆಲುವಯ್ಯ.
ಪಾದರಾಯನಪುರದ ಗಲ್ಲಿಯಲ್ಲಿ ಗುಜರಿಯವನು ಕೂಗಿದರೆ ನಿಲ್ಲಿಸುತ್ತೇವೆ,
ಚಹಾ ಬಂದರೆ ನಿಲ್ಲಿಸುತ್ತೇವೆ;
ನಾವು ಬಿಸ್ಕತ್ತು ಅದ್ದಿ ಮುಗಿಸುವ ತನಕ
ಚೆಲುವಯ್ಯ ಬಾಯಿ ತೆರೆದೇ ಕಾಯುತ್ತಾನೆ.
ಇಷ್ಟು ವಿಧೇಯನಾಗಿ ಅವನು
ಯಾವ ನಿರ್ದೇಶಕನಿಗೂ ನಿಂತದ್ದಿಲ್ಲ.

ಹದಿನಾರು ವರ್ಷ ದಸ್ತಗೀರ ನಮ್ಮ ತಂಡಕ್ಕೆ ಬಟ್ಟೆ ಹೊಲಿದ.
ಹದಿನಾರು ವರ್ಷ ನಾನು ಎಡಗಡೆಯ ವಿಂಗಿನಲ್ಲಿ
ಪುಸ್ತಕ ಹಿಡಿದು, ಪೆನ್ ಟಾರ್ಚು ಕಚ್ಚಿಕೊಂಡು,
ಮಾತು ಮರೆತವರಿಗೆ ಮಾತು ಎಸೆದೆ.
ಇಬ್ಬರೂ ಒಂದು ದಿನವೂ ನಾಟಕವನ್ನು ಎದುರಿನಿಂದ ಕಂಡವರಲ್ಲ.
ನನಗೆ ಗೊತ್ತಿದ್ದದ್ದು ನಟರ ಎಡಗಿವಿಗಳು,
ಬೆವರಿನಲ್ಲಿ ಇಳಿಯುವ ಕುತ್ತಿಗೆಯ ಬಣ್ಣ,
ಅಳುವ ದೃಶ್ಯ ಮುಗಿಸಿ ಒಳಗೆ ಬಂದವಳು
ನೀರಿಲ್ಲವೆಂದು ಬೈಯುವ ಪರಿ.
ದಸ್ತಗೀರನಿಗೆ ಅದೂ ಇಲ್ಲ.
ಗ್ರೀನ್‌ರೂಮಿನ ಇಸ್ತ್ರಿಪೆಟ್ಟಿಗೆಯ ಮುಂದೆ
ಚಪ್ಪಾಳೆ ಕೇಳಿ ಲೆಕ್ಕ ಹಾಕುತ್ತಿದ್ದ:
ಈಗ ಮೂರನೇ ದೃಶ್ಯ,
ಈಗ ಕೋಟು ವಾಪಸ್ಸು ಬರುತ್ತದೆ, ಒಂದು ಗುಂಡಿ ಕಳಕೊಂಡು.

ಹೋದ ವರ್ಷ ಸಕ್ಕರೆ ಕಾಯಿಲೆಗೆ ಬಲಗಾಲು ಹೋಯಿತು.
ಈಗ ಬಾಗಿ, ಕನ್ನಡಕ ಹಣೆಗೇರಿಸಿ,
ಎರಡು ಬೆರಳಿನಲ್ಲಿ ತೆರೆಯನ್ನು ಹಿಗ್ಗಿಸುತ್ತಾನೆ,
ನಾಯಕಿಯ ಮುಖ ಬಿಟ್ಟು ಅವಳ ಸೆರಗಿನಂಚಿಗೆ.
"ನೋಡಿ ಅಕ್ಕಾ, ಹಳೇ ಇಳಕಲ್ ಸೀರೆದು ಕಿತ್ತು ಹಚ್ಚಿದ್ದು ಇದು.
ಲೈಟ್ ಬಿದ್ರೆ ಹಿಂಗ್ ಮಿಂಚ್ತಿತ್ತಾ?
ಒಬ್ರೂ ಹೇಳ್ಲಿಲ್ವಲ್ಲ ನಂಗೆ."

ನಾನೇನು ಹೇಳಲಿ.
ರಂಗದ ಜೀವ ರಂಗದಲ್ಲೇ ಎಂದು
ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತು
ಎಷ್ಟು ರಾತ್ರಿ ವಾದಿಸಿದ್ದೇನೆ, ಕೊನೆಯ ಬಸ್ಸು ತಪ್ಪುವ ತನಕ.

ಈಗಲೂ ಕಾಯುತ್ತಿದ್ದೇನೆ,
ನಲವತ್ತೇಳನೆಯ ನಿಮಿಷಕ್ಕೆ.

ಕಾವಲುಗಾರ ಕೇಳುತ್ತಾನೆ: "ನಿನ್ನ ಮಗಳ ಹೆಸರೇನು?"
ಆ ಸಂಜೆ ಚೆಲುವಯ್ಯ ಮರೆತ.
ನೂರು ಸಲ ಹೇಳಿ ಸವೆದ ಹೆಸರು.
ನಾನು ಎಸೆಯಬೇಕಿತ್ತು. ಟಾರ್ಚಿನ ಸೆಲ್ಲು ಸತ್ತಿತ್ತು.
ಅಲ್ಲ, ಸುಳ್ಳು. ನನಗದು ಬಾಯಿಪಾಠವಿತ್ತು;
ಅವನ ಎಡಗಿವಿ ಕೆಂಪಾಗುವುದನ್ನು ನೋಡುತ್ತ ನೋಡುತ್ತ
ನಾನೂ ಮರೆತೆ.
ಫ್ಯಾನುಗಳ ಸದ್ದು. ಜೆ.ಸಿ. ರಸ್ತೆಯ ಒಂದು ಹಾರನ್ನು.
ತುಂಬಿದ ಕೊಡ ಹೊತ್ತವರ ಹಾಗೆ
ಅಷ್ಟೂ ಜನ ಅಲುಗದೆ ಕೂತಿದ್ದರು.
ಆಗ ಐದನೇ ಸಾಲಿನಿಂದ ಯಾರೋ ಮುದುಕಿ,
ಪಕ್ಕದ ಮನೆಯವನಿಗೆ ಹೇಳುವಷ್ಟು ಮೆಲ್ಲಗೆ:
"ದ್ಯಾವಿ... ದ್ಯಾವಿ ಕಣಪ್ಪಾ."
ಯಾರೂ ನಗಲಿಲ್ಲ.
ಚೆಲುವಯ್ಯ ಕಾವಲುಗಾರನನ್ನು ಬಿಟ್ಟು ಅವಳ ಕಡೆ ತಿರುಗಿದ.
"ಹೌದವ್ವಾ," ಅಂದ, "ನೀನೇನಾದ್ರೂ ನೋಡಿದ್ಯಾ ಅವಳನ್ನ?"
ಆ ಮಾತು ಪುಸ್ತಕದಲ್ಲಿರಲಿಲ್ಲ.
ನಾನು ಪುಸ್ತಕ ಮುಚ್ಚಿದೆ.

ಮೊಬೈಲಿನಲ್ಲಿ:
"ನಿನ್ನ ಮಗಳ ಹೆಸರೇನು?"
"ದ್ಯಾವಿ."
ಅಷ್ಟೇ. ಕೂದಲೆಳೆ ತೂರುವಷ್ಟೂ ಸಂದಿಯಿಲ್ಲ.
ಹಿಂದಕ್ಕೆ ಸರಿಸಿದೆ. "ದ್ಯಾವಿ." ಮತ್ತೆ ಸರಿಸಿದೆ. "ದ್ಯಾವಿ."
ಎಷ್ಟು ಸಲ ಕೇಳಿದರೂ ತಪ್ಪದೆ ಹೇಳುತ್ತಾನೆ,
ಶಾಲಾ ತಪಾಸಣೆಯ ದಿನದ ಜಾಣ ಹುಡುಗನಂತೆ.

ದಸ್ತಗೀರ ಮೊಬೈಲು ಕಸಿದುಕೊಂಡ.
"ಪ್ರಶ್ನೆ ಶನಿವಾರದ್ದು, ಉತ್ತರ ಭಾನುವಾರದ್ದು.
ಇಲ್ನೋಡಿ, ಕೋಟಿಗೆ ಕರೀ ಗುಂಡಿ. ಇಲ್ಲಿ ಕಂದು.
ಶನಿವಾರ ಕಿತ್ತೋಯ್ತು, ಕರೀದು ಸಿಗದೆ ಕಂದು ಹಾಕಿದ್ದೆ."
ಆಮೇಲೆ, ಒಬ್ಬ ದರ್ಜಿ ಇನ್ನೊಬ್ಬನಿಗೆ ಕೊಡುವ ಮರ್ಯಾದೆಯಲ್ಲಿ:
"ಹೊಲಿಗೆ ಮಾತ್ರ ಚೆನ್ನಾಗೈತೆ. ದಾರ ಕಾಣಲ್ಲ."

ಬರುವ ಶುಕ್ರವಾರ ಅದೇ ನಾಟಕ, ಜೆ.ಪಿ. ನಗರದಲ್ಲಿ,
ಚೆಲುವಯ್ಯನ ಪಾತ್ರಕ್ಕೆ ಹೊಸ ಹುಡುಗ.
"ಅವನೂ ಮರೆತ್ರೆ ರೆಕಾರ್ಡ್ ಮಾಡ್ಕೊಂಡ್ ಬನ್ನಿ ಅಕ್ಕಾ," ಎಂದ,
ಇನ್ನೂ ಒಗ್ಗದ ಜೈಪುರದ ಕಾಲನ್ನು
ಮಂಚದಡಿ ತಳ್ಳುತ್ತ.
ಹೂಂ ಎಂದೆ.
ಮೂರನೇ ಬೆಲ್ಲಿಗೆ ಮುಂಚೆ ಮೈಕಿನಲ್ಲಿ
"ದಯವಿಟ್ಟು ನಿಮ್ಮ ಮೊಬೈಲುಗಳನ್ನು..."
ಎನ್ನುವವಳೂ ನಾನೇ ಎಂದು ನೆನಪಿಸಲಿಲ್ಲ.