ಓರೆ

ನಿಯಮ ಸರಳ. ಐರಿಷ್ ಮೇಲೆ, ಓರೆಯಾಗಿ,
ಮೊದಲಕ್ಷರ ಮಾತ್ರ ದೊಡ್ಡದು.
ಇಂಗ್ಲಿಷ್ ಕೆಳಗೆ, ನೆಟ್ಟಗೆ,
ಅಷ್ಟೂ ಅಕ್ಷರ ದೊಡ್ಡವು.
ಅಚ್ಚು ಒಂದೇ ಮನೆತನದ್ದು, ನಡಿಗೆ ಎರಡು.
ಅಕ್ಷರದ ನಡುವಿನ ಸಂದಿಗೊಂದು ಕೋಷ್ಟಕ,
ಬಿಳಿಯಂಚಿಗೊಂದು, ಬಾಣದ ತಲೆಗೊಂದು.
ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬರುವವನಿಗೆ
ನಾವು ಕೊಡುವುದು ಮೂರು ಸೆಕೆಂಡು.
ಅಷ್ಟರಲ್ಲಿ ಅವನು ಓದಬೇಕು, ನಂಬಬೇಕು, ತಿರುಗಬೇಕು.

ಇಪ್ಪತ್ತಾರು ವರ್ಷ
ಲಾಂಗ್‌ಫರ್ಡ್ ಆಚೆಯ ತಗಡಿನ ಶೆಡ್ಡಿನಲ್ಲಿ ಈ ಕೆಲಸ ಮಾಡಿದೆ.
ಮೊದಲು ಬ್ಲೇಡು, ಆಮೇಲೆ ಕಂಪ್ಯೂಟರು.
ಅಲ್ಯೂಮಿನಿಯಂ ಹಲಗೆ, ಬೆಳಕು ಬಿದ್ದರೆ ಹೊಳೆಯುವ ಹಾಳೆ,
ಗುಳ್ಳೆ ಏಳದಂತೆ ಒತ್ತಲು ರಬ್ಬರಿನ ಉರುಳೆ.
ಕಾಣದ ಊರುಗಳ ಹಣೆಬರಹ ಬರೆದು
ಐದೂ ಕಾಲಿನ ಬಸ್ಸು ಹಿಡಿಯುತ್ತಿದ್ದೆ.

ತಪ್ಪು ಮಾಡಿದ್ದು ಒಮ್ಮೆ. ಸಿಕ್ಕಿಬಿದ್ದದ್ದು ಒಮ್ಮೆ, ಎನ್ನಬೇಕು.
ಕ್ಲೂನ್ ನ ಗೋರ್.
ಹಾಗೆಂದರೆ ಕೊಕ್ಕರೆಗಳ ಹುಲ್ಲುಗಾವಲು.
ಬರೆಯುವಾಗ ಅಲ್ಲೊಂದು ಚಿಕ್ಕ ಜೀ,
ಅದರ ಬೆನ್ನಿಗೆ ದೊಡ್ಡ ಸೀ.
ಚಿಕ್ಕದು ಮಾತಾಡುತ್ತದೆ, ದೊಡ್ಡದು ಸುಮ್ಮನಿರುತ್ತದೆ,
ನಮ್ಮ ಅತ್ತೆ ಮಾವನ ಹಾಗೆ.
ಕೆಳಗಿನ ಇಂಗ್ಲಿಷಿನಲ್ಲಿ ಕೊಕ್ಕರೆ ಇಲ್ಲ, ಹುಲ್ಲೂ ಇಲ್ಲ,
ಯಾವನೋ ಸರ್ವೇಯವನು
ಕಿವಿಗೆ ಬಿದ್ದಷ್ಟು ಗೀಚಿಕೊಂಡ ಸದ್ದು: ಕ್ಲೂನಗೋರ್.

ಆ ವಾರ ನನ್ನ ತಂಗಿ ಫಿನೋಲಾ ಆಸ್ಪತ್ರೆಯಲ್ಲಿದ್ದಳು.
ನೆಪ ಹೇಳುತ್ತಿಲ್ಲ, ಇದ್ದಳು.
ಸಾಲು ಸರಿಯಾಗಿಯೇ ಇತ್ತು, ನಡಿಗೆ ಅದಲುಬದಲಾಯಿತು:
ಐರಿಷ್ ನೆಟ್ಟಗೆ ನಿಂತಿತು,
ಇಂಗ್ಲಿಷ್ ಕಡಲಗಾಳಿಗೆ ಬಾಗಿದ ಬೇಲಿಗಿಡದಂತೆ ವಾಲಿತು.
ಹಾಗೇ ಲಾರಿ ಹತ್ತಿತು.

ಹನ್ನೊಂದು ದಿನ ಅದು ರಸ್ತೆಯಲ್ಲಿತ್ತು.
ಹಾಲಿನ ಟ್ಯಾಂಕರು ಅದರ ಮುಂದೆ ಹಾದುಹೋಯಿತು, ಶಾಲೆಯ ವ್ಯಾನು,
ಎರಡು ಶವಯಾತ್ರೆ.
ಆಮೇಲೆ ಎರಡು ಕಾಗದ ಬಂದವು.
ಒಂದು ಕೌಂಟಿ ಕಚೇರಿಯದು: ಕಲಮು, ಉಪಕಲಮು,
ಖರ್ಚು ಯಾರ ತಲೆಗೆ ಎಂಬುದರ ಸಹಿತ.
ಇನ್ನೊಂದು ಕೈಬರಹ. ಕೊಲ್ಮಾನ್ ಓ ಡುವಾನ್,
ವಯಸ್ಸು ಎಂಬತ್ತೊಂದು ಎಂದು ತಾನೇ ಬರೆದುಕೊಂಡಿದ್ದ.
ಹೊಗಳಿರುತ್ತಾನೆ ಅಂದುಕೊಂಡೆ,
ಕೊನೆಗೂ ನಮ್ಮ ಭಾಷೆಗೆ ಬೆನ್ನುಮೂಳೆ ಕೊಟ್ಟೆಯಲ್ಲ ಮಗಳೇ, ಅಂತ.
ಒಳಗೊಳಗೇ ಸ್ವಲ್ಪ ಉಬ್ಬಿದ್ದೆ ಕೂಡ.

"ಸೋಮವಾರ ರಾತ್ರಿ ಮಳೆಯಲ್ಲಿ ಬರುತ್ತಿದ್ದೆ.
ನನ್ನೂರು ದಾಟಿ ನಾಲ್ಕು ಮೈಲಿ ಮುಂದೆ ಹೋಗಿಬಿಟ್ಟೆ.
ಅದು ನೆಟ್ಟಗೆ ನಿಂತಿತ್ತು, ಗುರುತೇ ಸಿಗಲಿಲ್ಲ.
ಈ ವಯಸ್ಸಿನಲ್ಲಿ ಯಾರು ಓದುತ್ತಾರೆ,
ವಾಲಿದ್ದು ಕಂಡರೆ ತಿರುಗುತ್ತೇವೆ,
ಗದ್ದೆಯಾಚೆ ಬರುವವನು ಅಪ್ಪ ಎಂದು
ಕುಂಟುವುದರಲ್ಲೇ ತಿಳಿಯುತ್ತಿತ್ತಲ್ಲ, ಹಾಗೆ.
ದಯವಿಟ್ಟು ಓರೆ ಮಾಡಿ.
ಐ ಮೇಲೆ ಚುಕ್ಕೆ ಇರಲಿ ಬಿಡಲಿ, ನನ್ನ ತಕರಾರಿಲ್ಲ."

ಹೊಸ ಹಲಗೆ ಮಾಡಿದೆ, ನಿಯಮದಂತೆ.
ಓರೆ ಎಂದರೆ ತಗ್ಗಿಸಿದ್ದು ಎಂದು
ಸಭೆಗಳಲ್ಲಿ ಮೇಜು ಗುದ್ದುವವರಿದ್ದಾರೆ.
ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ.
ನಿಯಮ ಬರೆದವನ ಮನಸ್ಸನ್ನು ನಾನು ಕಂಡವಳಲ್ಲ,
ನಾನು ಕಂಡದ್ದು ಕೋನ.

ನಿವೃತ್ತಳಾದ ಮೇಲೆ ಒಂದು ಭಾನುವಾರ
ಫಿನೋಲಾಳ ಕಾರಿನಲ್ಲಿ ಆ ದಾರಿ ಹೋದೆವು.
ತಿರುವಿನಲ್ಲಿ ನನ್ನ ಹಲಗೆ.
ಯಾವುದೋ ಟ್ರ್ಯಾಕ್ಟರು ಹಿಂದೆ ಬರುವಾಗ ಕಂಬಕ್ಕೆ ಗುದ್ದಿ
ಇಡೀ ಊರನ್ನೇ ಎಡಕ್ಕೆ ಜಗ್ಗಿಬಿಟ್ಟಿತ್ತು.
ಈಗ ಕೊಕ್ಕರೆಗಳ ಹುಲ್ಲುಗಾವಲು ನೆಟ್ಟಗೆ,
ಕೆಳಗಿನ ಇಂಗ್ಲಿಷು ಹಿಂದಕ್ಕೆ ಒರಗಿ,
ಕುರ್ಚಿಯಲ್ಲಿ ನಿದ್ದೆ ಹೋದವನ ಹಾಗೆ.
ಕೌಂಟಿಗೆ ಫೋನು ಮಾಡಬೇಕು ಅನ್ನಿಸಿತು. ನಂಬರು ಈಗಲೂ ಬಾಯಿಪಾಠ.
ಕೊಲ್ಮಾನ್ ಇದ್ದರೆ ಮತ್ತೆ ನಾಲ್ಕು ಮೈಲಿ.
ಇದ್ದಾನೋ ಇಲ್ಲವೋ.

ಗಾಜು ಇಳಿಸಿ, ತಲೆಯನ್ನು ಅದರಷ್ಟೇ ವಾಲಿಸಿ
ನನ್ನ ಅಂಚು, ನನ್ನ ಸಂದು, ಚಿಕ್ಕ ಜೀ, ದೊಡ್ಡ ಸೀ
ಒಂದೊಂದಾಗಿ ನೋಡುತ್ತ ಕೂತಿದ್ದೆ.
"ಕುತ್ತಿಗೆ ಹಿಡೀತಾ?" ಅಂದಳು ಫಿನೋಲಾ.