ಕಳಚುವ ಜಾಗ

ನನ್ನ ಕೆಲಸ ನೋಡುವುದು.
ಅಷ್ಟೇ. ಕೈ ತಾಗಿಸುವಂತಿಲ್ಲ.
ಕಿತ್ತಳೆ ಬಲೆಯ ಬೇಲಿಗೆ ಒರಗದೆ
ಎರಡು ಮೀಟರಾಚೆ ನಿಂತು
ವಾರ್ಡಿನಿಂದ ಬಂದವರು ಕಳಚುವಾಗ
ಒಂದೊಂದೇ ಹೆಜ್ಜೆ ಕೂಗಿ ಹೇಳುವುದು:

ಕೈ ತೊಳಿ. ಏಪ್ರನ್. ಮತ್ತೆ ಕೈ ತೊಳಿ.
ಮೈಗವಸು, ಹಾವು ಪೊರೆ ಬಿಟ್ಟ ಹಾಗೆ,
ಒಳಮೈ ಹೊರಗೆ ಬರುವಂತೆ ಸುರುಳಿ. ಅವಸರ ಬೇಡ.
ಕನ್ನಡಕ. ಕಣ್ಣು ಮುಚ್ಚು, ಮುಂದಕ್ಕೆ ಬಾಗು,
ಹಿಂದಿನ ಪಟ್ಟಿ ಹಿಡಿ.
ಮತ್ತೆ ಕೈ.

ಮೊದಲು ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಡಾರು, ಸೆಗ್ಬೆಮಾ, ಕೆನೆಮಾ ಎಂದು ಕೂಗುತ್ತಿದ್ದೆ.
ಎಬೋಲಾ ಬಂತು, ರಸ್ತೆ ಮುಚ್ಚಿತು.
ಗಂಟಲು ಗಟ್ಟಿಯಿದೆ ಎಂದು ಇಲ್ಲಿಗೆ ತೆಗೆದುಕೊಂಡರು.

ಒಳಗೆ ಭಯವಿರುತ್ತದೆ, ಭಯ ಒಳ್ಳೆಯ ಕಾವಲು,
ಎಂದಿದ್ದರು ತರಬೇತಿಯಲ್ಲಿ.
ಇನ್ನೇನು ಮುಗಿಯಿತು ಅನ್ನುವಾಗ,
ನೀರಿನ ಲೋಟ ನೆನಪಾಗುವಾಗ,
ಕೈ ತಾನಾಗಿ ಮೇಲೇರುತ್ತದೆ.
ಕೈಗೆ ಮುಖವೆಂದರೆ ತವರು.

ಜೆಬ್ಬೆ ಹೊರಬಂದಾಗ ಮೂರು ದಾಟಿತ್ತು.
ಏಪ್ರನ್ನಿನ ಎದೆಯ ಮೇಲೆ ದಪ್ಪ ಮಾರ್ಕರಿನಲ್ಲಿ
ಅವಳ ಹೆಸರು, ಒಳಹೊಕ್ಕ ಹೊತ್ತು: ಒಂದೂ ಐವತ್ತು.
ಬೂಟಿನೊಳಗೆ ಅವಳದೇ ಬೆವರು ಚುಳುಚುಳು ಅನ್ನುತ್ತಿತ್ತು.
ಏಳನೇ ಹಾಸಿಗೆಯ ಮುದುಕಿ ಕೈ ಬಿಡಲಿಲ್ಲವಂತೆ,
ಎರಡು ಗ್ಲೌಸು ತೊಟ್ಟ ಕೈ.

ಕನ್ನಡಕ ಬಕೆಟ್ಟಿಗೆ ಬಿತ್ತು.
ಆಗಲೇ ಬೇಲಿಯಾಚೆ ಒಬ್ಬ ತಾಯಿಯ ಹೆಸರು ಹಿಡಿದು ಕೂಗಿದ,
ಇದ್ದಾಳಾ, ಇದ್ದಾಳಾ ಎಂದು.
ತಿರುಗಿದೆ.
ಒಂದು ಉಸಿರಿನಷ್ಟು ಹೊತ್ತು.
ಮತ್ತೆ ಇತ್ತ ನೋಡಿದರೆ
ಅವಳ ಕೈ ಕೆಳಗಿಳಿಯುತ್ತಿತ್ತು.
ಎಲ್ಲಿಂದ?

ಮುಟ್ಟಿಕೊಂಡೆಯಾ?
ಇಲ್ಲ, ವಾಂಡಿ.
ಕಣ್ಣಿನ ಹತ್ತಿರ?
ಬೆವರು ಒರೆಸಿದೆನೇನೋ. ಇಲ್ಲ. ಗೊತ್ತಿಲ್ಲ.
ನೀನು ನೋಡಲಿಲ್ಲವಾ?

ಪುಸ್ತಕದಲ್ಲಿ ತಪ್ಪು ಬರೆಯಲು ಒಂದು ಕಲಂ ಇದೆ.
ಬರೆಯಬೇಡ ಅಂದಳು,
ರಾತ್ರಿ ಪಾಳಿಗೆ ಬೈಂದು ಒಬ್ಬಳೇ ಆಗುತ್ತಾಳೆ,
ಮೂವತ್ತೊಂದು ಹಾಸಿಗೆ.
ಬರೆದೆ. ಮೊದಲು ನನ್ನ ಹೆಸರು,
ಆಮೇಲೆ ಅವಳದು.

ಇಪ್ಪತ್ತೊಂದು ದಿನ ಅವಳಿಗೆ ಹಿತ್ತಿಲ ಕೋಣೆ.
ಬೆಳಗ್ಗೆ, ಸಂಜೆ ಅಂಗಳದ ಗೆರೆಯಾಚೆ ನಿಲ್ಲುತ್ತೇನೆ.
ಮಾತಿಲ್ಲ. ಥರ್ಮಾಮೀಟರ್ ನೋಡಿ
ಬೆರಳೆತ್ತಿ ತೋರಿಸುತ್ತಾಳೆ: ಮೂರು, ಆರು, ನಾಲ್ಕು.
ಒಣಹಾಕಿದ ಅವಳ ಬಟ್ಟೆ ಸೋಂಕಿದ ಗಾಳಿ
ನನ್ನತ್ತ ಬಂದರೆ ಹಿಂದೆ ಸರಿಯುತ್ತೇನೆ.
ನಾಚಿಕೆಯಾಗುತ್ತದೆ. ಮತ್ತೆ ಗೆರೆಗೆ ಬರುತ್ತೇನೆ.

ನಿನ್ನೆ ರಾತ್ರಿ ಬೈಂದು ಕಳಚುತ್ತ ನಿಂತಲ್ಲೇ ತೂಕಡಿಸಿದಳು.
ಊರ ಹೆಸರು ಕೂಗುವ ಹಾಗೆ ಅವಳ ಹೆಸರು ಕೂಗಿದೆ.
ಎಚ್ಚೆತ್ತಳು. ಕೈ ತೊಳೆದಳು.

ಇಂದು ಹನ್ನೊಂದನೇ ದಿನ.
ಮೂರು, ಏಳು, ಒಂದು.
ಜೆಬ್ಬೆಯ ಕಣ್ಣು ಕೆಂಪಗಿತ್ತು.
ಒಲೆಯ ಹೊಗೆ, ಅಂದಳು, ಇಷ್ಟು ದಿನದಲ್ಲಿ ಮೊದಲ ಮಾತು.
ಒಲೆ ಹೊಗೆಯಾಡುತ್ತಿತ್ತು, ನಿಜ.
ಹೊಗೆ ಯಾವ ಕಡೆಗೆ ಹೋಗುತ್ತಿದೆ ಎಂದು
ಎವೆಯಿಕ್ಕದೆ ನೋಡುತ್ತ ನಿಂತೆ.