ಒಂದಕ್ಕೆ ಇಪ್ಪತ್ತನಾಲ್ಕು

ಹಗಲು ನಾನು ಹಲ್ಲು ಮಾಡುತ್ತೇನೆ.
ಫ್ರೇಜರ್ ಟೌನು, ಮೂರನೇ ಮಹಡಿ, ಕಿಟಕಿಗೆ ಒರಗಿದ ಬೇವು,
ಮೇಜಿನ ಮೇಲೆ ಯಾರ್ಯಾರದೋ ಪ್ಲಾಸ್ಟರ್ ದವಡೆಗಳು
ಜಗಳ ಮುಗಿದ ಮನೆಯವರಂತೆ ಸುಮ್ಮನೆ ಕೂತಿರುತ್ತವೆ.
ರಾತ್ರಿ ಎಂಟಕ್ಕೆ ಕ್ಲಿನಿಕ್ಕಿನ ಹುಡುಗ ಬಂದು ಒಯ್ದ ಮೇಲೆ
ಅದೇ ಡ್ರಿಲ್ಲು, ಅದೇ ಮೇಣ, ಅದೇ ಗುಲಾಬಿ ಅಕ್ರಿಲಿಕ್ಕು,
ಕಾರು ಮಾಡುತ್ತೇನೆ.

ಲೆಕ್ಕ ಸುಲಭ: ಏನಿದ್ದರೂ ಇಪ್ಪತ್ತನಾಲ್ಕರಿಂದ ಭಾಗಿಸು.
ಎರಡಡಿ ಚಕ್ರ ಒಂದಿಂಚು.
ಐದೂವರೆ ಅಡಿಯ ನಾನು ಎರಡೂಮುಕ್ಕಾಲು.
ಬಾಣಸವಾಡಿ ಸಿಗ್ನಲ್ಲಿನಲ್ಲಿ ನಿಂತಾಗಲೂ ಭಾಗಿಸುತ್ತಲೇ ಇರುತ್ತೇನೆ,
ಮುಂದಿರುವ ಬಸ್ಸು ಒಂದು ಮೊಳ ಚಿಲ್ಲರೆ,
ಎತ್ತಿ ಪಕ್ಕಕ್ಕಿಡಬಹುದು.

ನಿಜದ್ದೂ ಒಂದಿದೆ, ಕೆಳಗೆ ಶೆಡ್ಡಿನಲ್ಲಿ.
ಅರವತ್ತೇಳರ ಹೆರಾಲ್ಡು. ಮಜ್ಜಿಗೆ ಬಣ್ಣ.
ಅಮ್ಮ ಬಳೆಗೆಂದು ಕೂಡಿಟ್ಟದ್ದರಲ್ಲಿ ಕೊಂಡೆ,
ಮೂರು ತಿಂಗಳು ಅಮ್ಮ ಅದರ ಕಡೆ ನೋಡಲಿಲ್ಲ, ಆಮೇಲೆ
ಹಪ್ಪಳ ಒಣಹಾಕಲು ಅದರ ಟಾಪೇ ಬೇಕಾಯಿತು.
ಬಾನೆಟ್ಟು, ಮಡ್ಗಾರ್ಡು ಎಲ್ಲ ಸೇರಿ ಮುಂದಕ್ಕೆ ಮಗುಚುತ್ತದೆ:
'ಆ' ಅನ್ನಿ ಅಂದರೆ ಪೂರ್ತಿ ಬಾಯಿ ತೆರೆಯುವ
ನನ್ನ ಏಕೈಕ ರೋಗಿ.
ನಾಲ್ಕು ಪ್ಲಗ್ಗು. ಮೂರನೆಯದಕ್ಕೆ ಯಾವಾಗಲೂ ಮಸಿ.
'ಅಕ್ಕಾ, ಇದಕ್ಕೆ ಸುರಿದ ದುಡ್ಡಲ್ಲಿ ಹೊಸಕೋಟೆ ಕಡೆ ಸೈಟ್ ಬರ್ತಿತ್ತು'
ಎನ್ನುವ ಜೆ.ಸಿ. ರೋಡಿನ ಖಲಂದರನೇ
ಹಿಂದಿನ ದೀಪದ ಕೆಂಪು ಗಾಜೊಂದನ್ನು
ಏಳು ವರ್ಷ ಉರ್ದು ಪೇಪರಿನಲ್ಲಿ ಸುತ್ತಿಟ್ಟು ಕಾದಿದ್ದ.

ಚೌರಪ್ಪನವರು ಬಂದದ್ದು ಕೆಳಗಿನ ಸೆಟ್ಟು ಸಡಿಲ ಅಂತ.
ಹಲಸೂರು ಕೆರೆಯಲ್ಲಿ ದೋಣಿ ರಿಪೇರಿ, ಮೂವತ್ತೊಂದು ವರ್ಷ.
ನನ್ನ ಶೆಲ್ಫನ್ನು ಸಾಲು ಸಾಲಾಗಿ ನೋಡಿದರು,
ಅಂಬಾಸಿಡರು, ಜೀಪು, ಲ್ಯಾಂಬ್ರೆಟ್ಟಾ.
'ಎಲ್ಲಾ ಗಾಲಿ ಇರೋವೇ. ನೀರಿಂದು ಒಂದೂ ಇಲ್ವಾ?'
ಮುಂದಿನ ವಾರ, ಬಾಕಿ ಇನ್ನೂರೈವತ್ತಕ್ಕೆ ಬದಲು,
ಒಂದು ಗೇಣು ತೇಗದ ಹಲಗೆ ತಂದಿಟ್ಟರು.
ಸ್ಟೆಲ್ಲಾ. ಹದಿನಾಲ್ಕಡಿ. ಒಡೆದು ಹರಾಜು ಹಾಕಿದಾಗ
ಲುಂಗಿಯೊಳಗೆ ಇಷ್ಟೇ ಅಡಗಿಸಿ ತರಲಾದದ್ದು.

ಸೀಳಿದೆ. ಸೀಳಿದಾಗ ಕೆರೆಯ ವಾಸನೆ,
ಅದನ್ನು ಯಾವುದರಿಂದಲೂ ಭಾಗಿಸಲಾಗಲಿಲ್ಲ.
ಕಡ್ಡಿಗಿಂತ ತೆಳ್ಳನೆ ಪಕ್ಕೆಲುಬುಗಳನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಗ್ಗಿಸಿದೆ,
ಹೆರಾಲ್ಡಿನ ಹಳೇ ಡೈನಮೋ ಬಿಚ್ಚಿ ತಾಮ್ರದ ಮೊಳೆ ಮಾಡಿದೆ,
ಹಲ್ಲಿಗೆ ಹೊಳಪು ಕೊಡುವ ಪುಡಿಯಲ್ಲೇ ಉಜ್ಜಿದೆ.
ನಾಲ್ಕು ತಿಂಗಳಿಗೆ ಏಳಿಂಚು.

ಬಟ್ಟೆ ನೆನೆಸುವ ಟಬ್ಬಿಗೆ ಬಿಟ್ಟೆವು.
ಎಡಕ್ಕೆ ವಾಲಿದಳು.
ಎಲ್ಲೋ ತೂಕ ತಪ್ಪಿದೆ, ನಾಳೆ ಸರಿಮಾಡುವೆ ಅಂದೆ.
'ಬೇಡ ಬೇಡ. ಅವಳು ಎಡಕ್ಕೇನೆ.
ದಪ್ಪಗಿರೋರನ್ನೆಲ್ಲ ಬಲಕ್ಕೆ ಕೂರಿಸ್ತಿದ್ದೆ ನಾನು.'
ಅಳತೆಯಲ್ಲಿ ಅಷ್ಟು ಸರಿಯಾಗಿ ಎಂದೂ ತಪ್ಪಿರಲಿಲ್ಲ ನಾನು.

ಆದರೆ ನೀರು. ದೋಣಿ ಚಿಕ್ಕದಾಯಿತು, ನೀರು ಆಗಲೊಲ್ಲದು.
ನಲ್ಲಿಯಿಂದ ಉದುರಿದ ಒಂದು ಹನಿ
ಸ್ಟೆಲ್ಲಾಗೆ ತೆಂಗಿನಕಾಯಿ ಗಾತ್ರ.
ಚೌರಪ್ಪ ಬೆರಳದ್ದಿದರು, ಬಿರುಗಾಳಿ;
ತೆಗೆದರು, ಕೆರೆ ನಿಲ್ಲುವವರೆಗೂ ಇಬ್ಬರೂ ಕಾದೆವು.

ಅವರು ಹೋದ ಮೇಲೆ ಉಳಿದ ಅಕ್ರಿಲಿಕ್ಕಿನಲ್ಲಿ
ಎರಡೂವರೆ ಇಂಚಿನ ಮನುಷ್ಯನನ್ನು ತೀಡಿದೆ.
ಲುಂಗಿ, ಬನಿಯನ್ನು, ಮೊಣಕೈಯ ಗಾಯದ ಗುರುತು.
ಭೂತಗನ್ನಡಿ ಹಾಕಿ, ಉಸಿರು ಬಿಗಿಹಿಡಿದು,
ಕೆಳದವಡೆಗೆ ಹದಿನಾಲ್ಕು ಹಲ್ಲು, ಒಂದೊಂದೂ ರವೆಯ ನುಚ್ಚು.
ಆಮೇಲೆ ತುಟಿ ಮುಚ್ಚಿದೆ. ಯಾರಿಗೂ ಕಾಣುವುದಿಲ್ಲ.
ಬಲಕ್ಕೆ ಕೂರಿಸಿದೆ.
ಸ್ಟೆಲ್ಲಾ ನೆಟ್ಟಗಾದಳು.

ಭಾನುವಾರ ಹೆರಾಲ್ಡಿನಲ್ಲಿ ಹಲಸೂರಿಗೆ ಹೋಗುವುದಿದೆ.
ಚೋಕು ಎಳೆದು ನೋಡಿದೆ. ಕೆಮ್ಮಿತು.
ಮೂರನೆಯದೇ ಇರಬೇಕು. ಬಾಯಿ ತೆಗೆಸುತ್ತಿದ್ದೇನೆ.